ಹೇಂಟೆ ಪಾರ್ಟಿ: ಮೂರನೇ ಸಲಕ್ಕೆ ಗೆದ್ದೆ

ಗೆಳತಿಯ ಮದುವೆಗೆ ಮುಂಚೆ ಎಂಟು ಹೆಂಗಸರು ಎರಡು ದಿನ ಒಂದೇ ಮನೆಯಲ್ಲಿದ್ದು, ಯಾರೂ ಯಾರ ಮೇಲೂ ಮುನಿಸಿಕೊಳ್ಳದೆ ಶಿರಸಿಗೆ ವಾಪಸ್ ಬಂದೆವು. ಇದೇನು ದೊಡ್ಡ ವಿಷಯ ಅನ್ನುವವರು ಇಂಥದ್ದನ್ನು ಒಮ್ಮೆಯೂ ಹಚ್ಚಿಕೊಂಡಿಲ್ಲ ಬಿಡಿ. ಮದುವೆಗೆ ಮುಂಚೆ ಮದುಮಗಳ ಜೊತೆ ಗೆಳತಿಯರಷ್ಟೇ ಸೇರುವ ಪಾರ್ಟಿಗೆ ಇಂಗ್ಲಿಷಿನಲ್ಲಿ ಹೆನ್ ಪಾರ್ಟಿ ಅನ್ನುತ್ತಾರೆ. ಹಾಗಂದರೆ ನಮ್ಮಲ್ಲಿ ನಗುತ್ತಾರೆ, ಅದಕ್ಕೇ ಹೇಂಟೆ ಪಾರ್ಟಿ ಅಂತಲೇ ಕರೆದೆವು.

ಮೊದಲೆರಡು ಸಲ ನಾನೇ ಕೆಡಿಸಿದ್ದೆ. ಮೊದಲನೆಯದು ಗೋಕರ್ಣದ ಕಡೆ, ಶನಿವಾರ ರಾತ್ರಿ. ಹದಿನಾಲ್ಕು ಜನಕ್ಕೆ ಹೇಳಿ ಹನ್ನೆರಡು ಬಂದರು, ಬಾರದವರ ಐದು ಸಾವಿರ ನನ್ನ ತಲೆಗೇ ಬಿತ್ತು. ಬಲೂನು, ಸ್ಪೀಕರ್, ಮದುಮಗಳ ಹೆಗಲಿಗೆ ಹೊಳೆಯುವ ಪಟ್ಟಿ, ಇಷ್ಟಕ್ಕೇ ಹನ್ನೊಂದೋ ಹನ್ನೆರಡೋ ಸಾವಿರ. ಸಮುದ್ರದ ಗಾಳಿಗೆ ಬಲೂನು ಅರ್ಧ ಗಂಟೆ ನಿಲ್ಲಲಿಲ್ಲ. ಪರಿಚಯ ಇಲ್ಲದವರು ಮೊಬೈಲ್ ಹಿಡಿದು ಕೂತರು, ಮದುಮಗಳು ಹತ್ತಕ್ಕೆಲ್ಲ ತಲೆನೋವು ಅಂತ ಮಲಗಿದಳು.

ಎರಡನೆಯದು ಹೊನ್ನಾವರ. ಗಂಟೆಗೊಂದು ಕಾರ್ಯಕ್ರಮ ಬರೆದಿಟ್ಟಿದ್ದೆ. ಸಮುದ್ರದ ಭರತ-ಇಳಿತ ಕೇಳದೆ ನನಗೆ ಅನುಕೂಲವಾದ ಹೊತ್ತಿಗೆ ದೋಣಿ ಹೇಳಿದ್ದೆ, ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕೆಸರಿಗೆ ಕೂತುಬಿಟ್ಟಿತು. ಮುಕ್ಕಾಲು ಗಂಟೆ ಅಲ್ಲೇ. ಒಬ್ಬಳ ಚೀಲದಲ್ಲಿ ಅಬ್ಬಲಿಗೆ (ಕನಕಾಂಬರ) ಇತ್ತು, ಸುಮ್ನೆ ಮುಡಿಯುವ ದಂಡೆ ಕಟ್ಟಲು ಶುರುಮಾಡಿದಳು. ಉಳಿದವರೂ ಕೈ ಹಾಕಿದರು. ಆ ಇಡೀ ದಿನದಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದ್ದು ಅಷ್ಟೇ ಹೊತ್ತು. ದಡಕ್ಕೆ ಬಂದ ಕೂಡಲೇ ನಾನು ಮುಂದಿನ ಆಟದ ಚೀಟಿ ತೆಗೆದೆ, ಎಲ್ಲ ಹಾಳಾಯ್ತು.

ಹಾಗಾಗಿ ಮೂರನೇ ಸಲ ಹೂವಿನ ದಂಡೆ ಕಟ್ಟುವುದನ್ನೇ ಪಾರ್ಟಿ ಮಾಡಿದೆ. ನಮ್ಮ ಆಯಿ, "ಹೂ ಕಟ್ಟಲೆ ಕುಮಟೆವರೆಗೆ ಹೋಗವಾ ಕೂಸೆ?" ಅಂದಳು. ಮದುವೆ ಅಲಂಕಾರ ಮಾಡಿಸುವ ಒಬ್ಬ ಗೆಳತಿಯಂತೂ, ತಿಥಿಯೂಟಕ್ಕಿಂತ ಸಪ್ಪೆಯಾಗುತ್ತೆ ನೋಡು ಅಂತ ಪಂಥ ಕಟ್ಟಿದಳು.

ಫೆಬ್ರವರಿ, ಮಂಗಳವಾರ-ಬುಧವಾರ. ಕುಮಟೆ ಕಡೆಯ ಅಘನಾಶಿನಿ ಊರಿನ ಹತ್ತಿರ ಒಂದು ಹಳೇ ಮನೆ. ಶನಿವಾರಕ್ಕೆ ಹದಿನಾಲ್ಕು ಸಾವಿರ ಕೇಳಿದವರು ಮಂಗಳವಾರಕ್ಕೆ ಎಂಟಕ್ಕೆ ಒಪ್ಪಿದರು. ಮನೆ ಯಾವುದು ಅಂತ ಮಾತ್ರ ಹೇಳಲ್ಲ, ಮುಂದಿನ ಸಲ ನನಗೇ ಸಿಗಬೇಕಲ್ಲ. ಎಲ್ಲರಿಂದ ಎರಡೆರಡು ಸಾವಿರ ಮೊದಲೇ ಇಸಕೊಂಡೆ, ಬರದಿದ್ದರೆ ವಾಪಸ್ ಇಲ್ಲ ಅಂದೆ. ಅಷ್ಟೂ ಜನ ಬಂದರು!

ಹೂವಿಗೆ ಎರಡು ಸಾವಿರದಷ್ಟಾಯ್ತು. ಅಬ್ಬಲಿಗೆ, ಸೇವಂತಿಗೆ, ಸ್ವಲ್ಪ ಮಲ್ಲಿಗೆ, ಮತ್ತೆ ಅದು ಸುರಗಿ ಕಾಲವಾದ್ದರಿಂದ ಎರಡು ಮಾರು ಸುರಗಿ ಸರ. ಬಾಳೆ ನಾರನ್ನು ಬೆಳಿಗ್ಗೆಯೇ ನೆನೆಸಿಟ್ಟೆ. ನಾಲ್ಕಕ್ಕೆ ಜಗಲಿಯಲ್ಲಿ ಚಾಪೆ ಹಾಸಿ ಹೂ ಸುರಿದೆ, ಏನೂ ಹೇಳಲಿಲ್ಲ. ಮೊಬೈಲ್ ಇಡಿ ಅಂತಲೂ ಹೇಳಬೇಕಾಗಲಿಲ್ಲ, ಒದ್ದೆ ನಾರು ಹಿಡಿದ ಕೈಯಲ್ಲಿ ಅದನ್ನು ಮುಟ್ಟೋದು ಯಾರು? ಎಂಟೂವರೆ ಆದರೂ ಒಬ್ಬಳೂ ಏಳಲಿಲ್ಲ. ಮದುಮಗಳು ಹಳೇ ಪ್ರೇಮದ ಕತೆಯಿಂದ ಹಿಡಿದು ಅತ್ತೆಮನೆಯ ಭಯದವರೆಗೆ ಎಲ್ಲ ಹೇಳಿದಳು, ಎರಡು ಸಲ ಅತ್ತಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಮಾತು ಶುರುವಾಗಲು ನಾನೊಂದು ಪ್ರಶ್ನೆ ಕೇಳಿದ್ದೆ. ಅದು ನನ್ನ ಗುಟ್ಟು.

ಊಟದ ಜಗಳ ನಿಮಗೆಲ್ಲ ಗೊತ್ತೇ ಇದೆ. ನಾಲ್ವರು ಮೀನು ತಿನ್ನುವವರು, ನಾಲ್ವರು ತಿನ್ನದವರು. ಒಲೆ ಎರಡು, ಪಾತ್ರೆ ಬೇರೆ ಬೇರೆ, ಅಷ್ಟಕ್ಕೆ ಎಲ್ಲ ತಣ್ಣಗಾಯ್ತು. ಆ ಮನೆಯ ಅಕ್ಕ ಹೊಳೆಯ ಬಳಚಿನ (ಚಿಪ್ಪುಮೀನಿನ) ಸುಕ್ಕ ಮಾಡಿಕೊಟ್ಟರು, ಈ ಕಡೆ ತಂಬುಳಿ, ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ. ಬೆಳಿಗ್ಗೆ ಎಲ್ಲರಿಗೂ ಕಗ್ಗದ ಅಕ್ಕಿ ಗಂಜಿ. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಭತ್ತ ಅದು, ಶಿರಸಿಯವರು ಇಬ್ಬರು ಹೆಸರೇ ಕೇಳಿರಲಿಲ್ಲ. ವೈನ್ ಬೇಡ ಅಂತ ನಾನೇನೂ ಹೇಳಿರಲಿಲ್ಲ. ಬಂದ ಎರಡು ಬಾಟಲಿಯಲ್ಲಿ ಒಂದು ಬಿರಡೆ ತೆಗೆಯದೇ ವಾಪಸ್ ಹೋಯ್ತು.

ಒಂದು ಹುಚ್ಚು ಪ್ರಯೋಗವೂ ಮಾಡಿದೆ, ತೊಡೆದೇವು. ಬೋರಲು ಹಾಕಿದ ಬಿಸಿ ಗಡಿಗೆಯ ಮೇಲೆ ಹಿಟ್ಟು ಬಳಿದು ಎಬ್ಬಿಸುವ, ಕಾಗದದಷ್ಟು ತೆಳು ಸಿಹಿತಿಂಡಿ ಅದು. ಗಡಿಗೆಯನ್ನು ಹುಲ್ಲಲ್ಲಿ ಸುತ್ತಿ ದೇವಿಮನೆ ಘಟ್ಟ ಇಳಿಸಿ ತಂದಿದ್ದೆ, ಕಬ್ಬಿನ ಹಾಲು ಬೇರೆ. ಗಡಿಗೆ ಹೊಸದು, ಪಳಗಿಸಿರಲಿಲ್ಲ. ಮೇಲಿಂದ ಗಾಳಿಗೆ ಬೆಂಕಿ ಒಂದೇ ಕಡೆ. ಎದ್ದದ್ದು ಒಂದೂವರೆ ತೊಡೆದೇವು, ಉಳಿದದ್ದನ್ನು ಕೆರೆದು ತಿಂದೆವು. ರುಚಿಗೇನೂ ಕಮ್ಮಿ ಇರಲಿಲ್ಲ.

ಲೆಕ್ಕ, ಸಾವಿರದಲ್ಲಿ: ಮನೆ ಎಂಟು, ಟೆಂಪೋ ಟ್ರಾವೆಲರ್ ಒಂಬತ್ತು, ಊಟಕ್ಕೆ ಆರು, ಹೂವಿಗೆ ಎರಡು, ಚಿಲ್ಲರೆ ಒಂದೂವರೆ. ಮದುಮಗಳನ್ನು ಬಿಟ್ಟು ಏಳು ಜನ ಹಂಚಿಕೊಂಡೆವು, ಒಬ್ಬೊಬ್ಬರಿಗೆ ಮೂರು ಸಾವಿರದ ಎಂಟುನೂರರ ಹತ್ತಿರ. ಗೋಕರ್ಣದಲ್ಲಿ ತಲೆಗೆ ಆರು ಸಾವಿರ ಮೀರಿತ್ತು.

ಬುಧವಾರ ಬೆಳಿಗ್ಗೆ ಸುಮ್ನೆ ಒಂದು ಸುತ್ತು ಅಂತ ಹೊಳೆಯಾಚೆಯ ತದಡಿಗೆ ದೋಣಿ ಹತ್ತಿದೆವು. ಎಂಟೂ ತಲೆಯಲ್ಲಿ ದಂಡೆ. ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನ ಅಜ್ಜಿಯೊಬ್ಬರು ಒಬ್ಬೊಬ್ಬರನ್ನೇ ನೋಡಿ, "ಮದುಮಗಳು ಯಾರ್ರೇ ನಿಮ್ಮಲ್ಲಿ?" ಅಂದರು. ನಮ್ಮ ಮದುಮಗಳು ಮುಖ ಗಂಭೀರ ಮಾಡಿಕೊಂಡು, ಎರಡು ಮಕ್ಕಳ ತಾಯಿಯಾದ ನನ್ನ ಕಡೆ ಕೈ ತೋರಿಸಿದಳು.