ಆಗಸ್ಟ್ ಬಿಟ್ಟು ಸೆಪ್ಟೆಂಬರ್ ಹಿಡಿದೆವು

2022ರ ಆಗಸ್ಟ್‌ನಲ್ಲಿ ನಮ್ಮ ಪುಟ್ಟ ಇತಿಹಾಸ ಬಳಗ ಮೈಸೂರಿನಲ್ಲಿ ನಡೆಸಿದ ಮೊದಲ ಕಾರ್ಯಕ್ರಮಕ್ಕೆ ಬಂದವರಲ್ಲಿ ಅರ್ಧ ಜನ ನಾವೇ, ಉಳಿದರ್ಧ ನಮ್ಮ ಮನೆಯವರು. ಅಮೃತ ಮಹೋತ್ಸವ ಅಂತ ಸಭಾಂಗಣ ಬಾಡಿಗೆಗೆ ಹಿಡಿದು, ದಂಡಿ ಯಾತ್ರೆಯಿಂದ ಕ್ವಿಟ್ ಇಂಡಿಯಾವರೆಗೆ ಫ್ಲೆಕ್ಸ್ ಹಾಕಿಸಿದ್ದೆವು. ಅವೇ ಚಿತ್ರಗಳು ಆ ವಾರ ಊರಿನ ಎಲ್ಲ ಶಾಲೆಗಳಲ್ಲೂ ಇದ್ದವು. ನಮ್ಮಲ್ಲಿಗೇ ಬಂದು ನೋಡಲು ಜನರಿಗೇನು ಹುಚ್ಚೇ?

ಫ್ಲೆಕ್ಸ್ ಸುತ್ತಿಡುವಾಗ ಬಳಗದ ಹಿರಿಯರೊಬ್ಬರು, "ಮೈಸೂರಿನವರಿಗೆ ಆಗಸ್ಟ್ 15ಕ್ಕೇ ಎಲ್ಲ ಮುಗಿದಿರಲಿಲ್ಲವಲ್ರೀ" ಅಂದರು. ನಿಜ. 1947ರ ಆಗಸ್ಟ್‌ನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರು ಸಂಸ್ಥಾನದಲ್ಲಿ ಮಾತ್ರ ದಿವಾನ್ ಆರ್ಕಾಟ್ ರಾಮಸ್ವಾಮಿ ಮುದಲಿಯಾರರ ಆಡಳಿತವೇ ಮುಂದುವರಿದಿತ್ತು. ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಕೊಡುವ ಸರ್ಕಾರ, ಕೊಡಿ ಅಂತ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು, 'ಆರ್ಕಾಟ್ ಬಾಯ್ಕಾಟ್' ಅನ್ನೋ ಕೂಗು ಬೀದಿಬೀದಿಯಲ್ಲಿ ಮೊಳಗಿತು. ಆ ಚಳವಳಿಯಲ್ಲಿ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದ ಮೇಲೆ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿಯಾದರು.

ಹುಡುಗನ ಹೆಸರಿನ ರಾಮಸ್ವಾಮಿ ಸರ್ಕಲ್ಲಿನಲ್ಲಿ ದಿನಾ ಎಷ್ಟು ಜನ ಬಸ್ಸು ಹತ್ತಿ ಇಳಿಯುತ್ತಾರೋ! ದಸರಾ ಗಡಿಬಿಡಿಗೆ ಮೊದಲೇ ಒಂದು ಬೆಳಗ್ಗೆ ಅಲ್ಲಿ ನಿಂತೆವು. ಕೈಯಲ್ಲಿ ಒಂದೇ ರಟ್ಟು, ಅದರ ಮೇಲೆ ಒಂದೇ ಪ್ರಶ್ನೆ: 'ಈ ರಾಮಸ್ವಾಮಿ ಯಾರು?' ಒಬ್ಬರು ತಮಿಳುನಾಡಿನ ಪೆರಿಯಾರ್ ರಾಮಸ್ವಾಮಿ ಅಂದರು. ಇನ್ನೊಬ್ಬರು ತುಂಬ ಖಚಿತವಾಗಿ, "ದಿವಾನರು ಕಣ್ರೀ" ಅಂದರು. ಹುಡುಗ ಯಾರ ಆಡಳಿತದ ವಿರುದ್ಧ ಬೀದಿಗಿಳಿದಿದ್ದನೋ ಅವನ ಸರ್ಕಲ್ಲು ಅವರ ಪಾಲಾಗಿತ್ತು! ನಗು ಬಂತು, ಆಮೇಲೆ ಸಂಕಟವೂ ಆಯಿತು. ಉತ್ತರ ಹೇಳಿದಾಗ ಮಾತ್ರ ಯಾರೂ ತಕ್ಷಣ ಹೊರಡಲಿಲ್ಲ. ಕೆಲವರು ಬಂದ ಬಸ್ಸನ್ನೂ ಬಿಟ್ಟರು. "ನಮ್ಮ ತಾತನೂ ಜೈಲಿಗೆ ಹೋಗಿದ್ದರು" ಅಂತ ಹೇಳುವವರು ಸಿಕ್ಕಿದ್ದು ಅಲ್ಲಿಯೇ.

ಅವರನ್ನೇ ಮುಂದಿನ ಭಾನುವಾರ ಕರೆದೆವು: ಮನೆಯಲ್ಲಿರುವ ಫೋಟೊ, ಪತ್ರ, ಏನಿದ್ದರೂ ತನ್ನಿ ಅಂತ. ಹೆಚ್ಚಾಗಿ ಬಂದದ್ದು ತಾಮ್ರಪತ್ರ. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಸರ್ಕಾರ ಹೋರಾಟಗಾರರಿಗೆ ಕೊಟ್ಟದ್ದು. ಅದರಲ್ಲಿ ಹೆಸರಿದೆ, ಕಥೆಯಿಲ್ಲ. ಹಾಗಾಗಿ ಪತ್ರಕ್ಕಿಂತ ಅದನ್ನು ತಂದವರ ಮಾತನ್ನು ರೆಕಾರ್ಡ್ ಮಾಡುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡೆ. ನಿಧಾನವಾಗಿ ಸ್ಕ್ಯಾನ್ ಮಾಡೋಣ ಅಂತ ಎರಡು ಮನೆಯ ಫೋಟೊಗಳನ್ನು ಇಸಿದುಕೊಂಡು ಹೋದೆ, ಮನೆಯಲ್ಲಿ ಅವೆರಡೂ ಕಲೆತುಹೋದವು. ಎರಡೂ ಮನೆಗೆ ಹೋಗಿ, "ಇವರು ನಿಮ್ಮ ಅಜ್ಜಿಯೇ?" ಅಂತ ಕೇಳಿದ ಆ ಸಂಜೆಯ ನಾಚಿಕೆ ಇನ್ನೂ ಹೋಗಿಲ್ಲ. ಅಂದಿನಿಂದ ಎದುರಿಗೇ ಸ್ಕ್ಯಾನ್, ಕೈಗೇ ವಾಪಸ್. ಚಿತ್ರದಲ್ಲಿ ಯಾರು, ಎಲ್ಲಿ, ಯಾವಾಗ ಅನ್ನುವುದನ್ನು ಚೀಟಿಯಲ್ಲಿ ಬರೆದು, ಬಳಸಿಕೊಳ್ಳಲು ಒಪ್ಪಿಗೆಯ ಸಹಿಯನ್ನೂ ಅಲ್ಲೇ ಪಡೆಯುತ್ತೇವೆ.

ಕೊನೆಯಲ್ಲಿ ಒಬ್ಬ ಯುವಕ ಹಳೆಯ ಚರ್ಮದ ಬೆಲ್ಟೊಂದನ್ನು ಮೇಜಿನ ಮೇಲಿಟ್ಟ. ಅವನ ಮುತ್ತಾತ ಸಂಸ್ಥಾನದ ಪೊಲೀಸ್ ಪೇದೆ. ಆ ಸೆಪ್ಟೆಂಬರ್‌ನಲ್ಲಿ ಡ್ಯೂಟಿ ಮೇಲಿದ್ದವರಂತೆ. "ಇದಕ್ಕೆ ನಿಮ್ಮಲ್ಲಿ ಜಾಗ ಇದೆಯಾ ಸಾರ್?" ಅಂದ. ಬಳಗದಲ್ಲಿ ದೊಡ್ಡ ಜಗಳವೇ ಆಯಿತು. ಅವಮಾನ ಅಂದರು ಕೆಲವರು. ಆ ಪೇದೆ ಸಂಬಳಕ್ಕೆ ದುಡಿದ ಬಡವ ಅಂದೆ ನಾನು. ಹಿರಿಯರು ಏನೂ ಹೇಳದೆ ಬೆಲ್ಟನ್ನು ಸ್ಕ್ಯಾನರ್ ಮೇಲಿಟ್ಟು, ಚೀಟಿ ಬರೆಯಲು ಅವನ ಮುತ್ತಾತನ ಹೆಸರು ಕೇಳಿದರು.