ಕಾರಿನ ಎಸಿಗೆ ಗ್ಯಾಸ್ ತುಂಬಿಸುವ ಮುನ್ನ ಬಾನೆಟ್ ಎತ್ತಿ ನೋಡಿ

ಬೇಸಿಗೆ ಬಂತೆಂದರೆ ಎಸಿ ಗ್ಯಾಸ್ ತುಂಬಿಸುವವರ ಸಾಲು ಶುರು. ಹೋಗುವ ಮುನ್ನ ಬಾನೆಟ್ ಎತ್ತಿ, ಒಳಗೆ ಅಂಟಿಸಿರುವ ಚೀಟಿಯನ್ನು ಹುಡುಕಿ. ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅದರಲ್ಲಿ ಬರೆದಿರುತ್ತದೆ. ಫೋಟೊ ತೆಗೆದುಕೊಂಡೇ ಹೋಗಿ.

ನಮ್ಮ ರಸ್ತೆಗಳ ಬಹುತೇಕ ಕಾರುಗಳಲ್ಲಿ ಇರುವುದು ಆರ್-134ಎ ಎಂಬ ಗ್ಯಾಸ್. ಕೆಲವು ಹೊಸ ಕಾರುಗಳಲ್ಲಿ ಆರ್-1234ವೈಎಫ್ ಇರುತ್ತದೆ. ಇದು ದುಬಾರಿ, ಹಾಗಾಗಿ ಅದರ ಬದಲು ಅಗ್ಗದ್ದನ್ನು ತುಂಬುವ ಆಸೆ ಕೆಲವರಿಗೆ. ಎರಡರ ತುಂಬುವ ಬಾಯಿಗಳನ್ನು ಬೇರೆ ಬೇರೆ ಮಾಡಿರುವುದೇ ಅದಲುಬದಲಾಗದಿರಲಿ ಎಂದು. ಅಡಾಪ್ಟರ್ ಹಾಕಿ ತುಂಬುತ್ತೇನೆ ಎಂದವರಿಗೆ ಕೈಮುಗಿದು ಹೊರಡಿ. ಮನೆಯ ಎಸಿಯ ಆರ್-22 ಅಥವಾ ಆರ್-32 ಅಂತೂ ಬೇಡವೇ ಬೇಡ, ಅವುಗಳ ಒತ್ತಡವೇ ಹೆಚ್ಚು. ಅಡುಗೆ ಅನಿಲದ ಜಾತಿಯ ಮಿಶ್ರಣಗಳು ಚೆನ್ನಾಗಿಯೇ ತಂಪು ಕೊಡುತ್ತವೆ, ಆದರೆ ಸೋರಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಇನ್ನೊಂದು ಮಾತು: ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವುದಿಲ್ಲ. ಒಂದೇ ವರ್ಷದಲ್ಲಿ ತಂಪು ಹೋಯಿತೆಂದರೆ ಎಲ್ಲೋ ಸೋರಿಕೆ ಇರಬಹುದು. ಮೊದಲು ಅದನ್ನು ಹುಡುಕಿಸಿ. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ತೆಗೆಸಿ, ತೂಕ ಮಾಡಿಯೇ ತುಂಬಿಸಿ. ಹೆಚ್ಚು ತುಂಬಿದರೆ ತಂಪು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಹೈಬ್ರಿಡ್ ಅಥವಾ ವಿದ್ಯುತ್ ಕಾರಾದರೆ ಕಂಪ್ರೆಸರ್ ಎಣ್ಣೆಯ ಬಗೆಯನ್ನೂ ಕೇಳಿ. ಅದರಲ್ಲಿ ಸಾಮಾನ್ಯ ಕಾರುಗಳ ಎಸಿಗೆ ಹಾಕುವ ಪಿಎಜಿ ಎಣ್ಣೆ ಬೆರೆತರೆ ವಿದ್ಯುತ್ ನಿರೋಧಕತೆ ಕೆಟ್ಟು ಕಂಪ್ರೆಸರನ್ನೇ ಬದಲಿಸಬೇಕಾಗಬಹುದು.