ಏಪ್ರಿಲ್ ಹಿಮ: ನಕ್ಷೆ ಹೇಳಿದ್ದು 20 ಸೆಂ.ಮೀ., ನಾನು ಹೇಳಿದ್ದು 8

ಜನವರಿಯಲ್ಲಿ ಹಿಮ ಬೀಳುತ್ತದಾ ಅಂತ ಹೇಳುವುದು ಅಷ್ಟು ಕಷ್ಟವಲ್ಲ. ಮೇಲಿಂದ ಕೆಳಗಿನವರೆಗೂ ಗಾಳಿ ತಣ್ಣಗಿರುತ್ತದೆ, ಮೋಡ ಬಂದರೆ ಸಾಕು. ಏಪ್ರಿಲ್ ಹಾಗಲ್ಲ. ಒಂದು ಡಿಗ್ರಿ ಆಚೀಚೆ ಆದರೆ ಎಲ್ಲವೂ ಮಳೆ.

ಅದು ಏಪ್ರಿಲ್ ಮೊದಲ ವಾರ. ಮರಗಳು ಆಗಲೇ ಚಿಗುರಿದ್ದವು. ಎಂಟು ದಿನ ಮುಂಚೆ, ಕಂಪ್ಯೂಟರಿನಲ್ಲಿ ಹವಾಮಾನ ಲೆಕ್ಕ ಹಾಕುವ ಅಮೆರಿಕದ ಜಿಎಫ್‌ಎಸ್ ಮಾಡೆಲ್ ದೊಡ್ಡ ಹಿಮ ತೋರಿಸಿತು. ಮುಂದಿನ ರನ್‌ನಲ್ಲಿ ಅದು ಮಾಯ. ಅದರ ಮುಂದಿನದರಲ್ಲಿ ಮತ್ತೆ ಹಾಜರ್. ಈ ಮಾಡೆಲ್ ದಿನಕ್ಕೆ 4 ಸಲ ಹೊಸ ಲೆಕ್ಕ ಕೊಡುತ್ತದೆ. ಪ್ರತಿ ಸಲವೂ ಅದರ ಹಿಂದೆ ಓಡಿದರೆ ತಲೆ ಕೆಡುತ್ತದೆ, ಅಲ್ವಾ? ಅದಕ್ಕೇ ಅಷ್ಟು ದೂರ ಇರುವಾಗ ನಾನು ಎನ್ಸೆಂಬಲ್ ಮಾತ್ರ ನೋಡುತ್ತೇನೆ. ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಅದೇ ಲೆಕ್ಕವನ್ನು ಹಲವು ಸಲ ಮಾಡುವ ವಿಧಾನ ಅದು. ಜಿಎಫ್‌ಎಸ್ ಬಳಗದಲ್ಲಿ ಅಂಥ 31 ಲೆಕ್ಕಗಳಿವೆ, ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯೂಎಫ್‌ನಲ್ಲಿ 51. ಮೊದಲ ದಿನ ಯುರೋಪಿನ 51ರಲ್ಲಿ ಹತ್ತರಷ್ಟು ಹಿಮ ಹೇಳುತ್ತಿದ್ದವು. ಮೂರು ದಿನ ಉಳಿದಾಗ ಅರ್ಧಕ್ಕಿಂತ ಜಾಸ್ತಿ. ಆಗ ಕೆಲಸ ಶುರು ಮಾಡಿದೆ.

ಮೊದಲು ಗಾಳಿಯ ಒತ್ತಡ 850 ಹೆಕ್ಟೋಪಾಸ್ಕಲ್ ಇರುವ ಮಟ್ಟದ ಉಷ್ಣಾಂಶ ನೋಡಿದೆ. ಅದು ಸುಮಾರು 1500 ಮೀಟರ್ ಎತ್ತರ. ಅಲ್ಲಿ −4 ಇತ್ತು. ಇಷ್ಟು ನೋಡಿ ನಿಲ್ಲಿಸಿದರೆ ವಸಂತದಲ್ಲಿ ಖಂಡಿತ ಮೋಸ ಹೋಗುತ್ತೇವೆ. ಯಾಕೆಂದರೆ ಕೆಳಗಿನ ಗಾಳಿ 3 ಡಿಗ್ರಿ ತೋರಿಸುತ್ತಿತ್ತು. ಆದರೆ ಗಾಳಿಯ ತೇವ ಹನಿಯಾಗತೊಡಗುವ ಉಷ್ಣಾಂಶ, ಅದೇ ಇಬ್ಬನಿ ಬಿಂದು, −4. ಅಂದರೆ ಗಾಳಿ ಒಣಗಿತ್ತು. ಒಣ ಗಾಳಿಗೆ ಮಳೆ ಬಿದ್ದರೆ ನೀರು ಆವಿಯಾಗುತ್ತದೆ, ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ. ಹಾಗೆ ಎಷ್ಟರವರೆಗೆ ತಣ್ಣಗಾಗಬಹುದು ಎಂದು ಹೇಳುವುದೇ ವೆಟ್ ಬಲ್ಬ್ ಉಷ್ಣಾಂಶ. ಲೆಕ್ಕ ಹಾಕಿದರೆ ಸೊನ್ನೆಗೆ ತೀರಾ ಹತ್ತಿರ ಬಂತು. ಏಪ್ರಿಲ್ ಹಿಮಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಒಂದು ಅಂಕಿಯನ್ನು.

ಇನ್ನೊಂದು, ಎಷ್ಟು ಜೋರಾಗಿ ಬೀಳುತ್ತದೆ ಎನ್ನುವುದು. ಜೋರಾಗಿ ಬಿದ್ದರೆ ಕರಗುವ ಹಿಮವೇ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತಾ ಉಷ್ಣಾಂಶ ಸೊನ್ನೆ ಇರುವ ಮಟ್ಟವನ್ನು ಕೆಳಕ್ಕೆ ಎಳೆಯುತ್ತದೆ. ಸುಮ್ನೆ ಜಿನುಗಿದರೆ ಅದು ಮಳೆಯಾಗಿಯೇ ಉಳಿಯುತ್ತದೆ. ಮಾಡೆಲ್‌ಗಳ ಪ್ರಕಾರ ಜೋರು ಬರುವುದು ರಾತ್ರಿ ಎರಡರಿಂದ ಐದರವರೆಗೆ. ಇದು ಮುಖ್ಯ. ಏಪ್ರಿಲ್ ಮೊದಲ ವಾರದ ಸೂರ್ಯ ಹೆಚ್ಚುಕಡಿಮೆ ಸೆಪ್ಟೆಂಬರ್ ಮೊದಲ ವಾರದಷ್ಟೇ ಎತ್ತರದಲ್ಲಿರುತ್ತಾನೆ. ಅದೇ ಹಿಮ ಮಧ್ಯಾಹ್ನ ಬಿದ್ದರೆ ನೆಲ ಮುಟ್ಟುತ್ತಲೇ ಕರಗುತ್ತದೆ.

ಹಿಮದ ನಕ್ಷೆ 20 ಸೆಂ.ಮೀ. ಹೇಳುತ್ತಿತ್ತು. ಅಂಥ ಬಹುಪಾಲು ನಕ್ಷೆಗಳು 1 ಮಿ.ಮೀ. ನೀರಿಗೆ 1 ಸೆಂ.ಮೀ. ಹಿಮ ಎಂದು ಹಿಡಿಯುತ್ತವೆ. ವಸಂತದ ಹಿಮ ಒದ್ದೆ, ಭಾರ, ಅಷ್ಟು ಉಬ್ಬುವುದಿಲ್ಲ. ನಾನು 20 ಮಿ.ಮೀ. ನೀರಿನಲ್ಲಿ ಮೊದಲ 6 ಮಳೆಗೂ ಬೆಚ್ಚಗಿನ ನೆಲಕ್ಕೂ ಹೋಯಿತು ಎಂದುಕೊಂಡೆ. ಉಳಿದ 14ಕ್ಕೆ, 1 ಮಿ.ಮೀ.ಗೆ 0.6 ಸೆಂ.ಮೀ. ಲೆಕ್ಕದಲ್ಲಿ, ಸುಮಾರು 8 ಸೆಂ.ಮೀ. "ಹುಲ್ಲಿನ ಮೇಲೆ 8, ರಸ್ತೆ ಬರೀ ಒದ್ದೆ" ಎಂದು ಮುನ್ಸೂಚನೆ ಬರೆದೆ. ಚಿಗುರಿದ ಮರಗಳ ಬಗ್ಗೆಯೂ ಎಚ್ಚರಿಸಿದೆ. 14 ಮಿ.ಮೀ. ನೀರು ಎಂದರೆ ಪ್ರತಿ ಚದರ ಮೀಟರ್‌ಗೆ 14 ಕೆ.ಜಿ. ಎಲೆ ಬಂದ ಕೊಂಬೆ ಅದನ್ನು ಹೊರುವುದು ಕಷ್ಟ.

ಆ ರಾತ್ರಿ ನಾನು ಮಲಗಲಿಲ್ಲ. ಹನ್ನೊಂದಕ್ಕೆ ಮಳೆ, ಥರ್ಮಾಮೀಟರ್‌ನಲ್ಲಿ 2.6. ಒಂದೂವರೆಗೆ 0.9, ಹನಿಗಳ ನಡುವೆ ಬಿಳಿ ಚೂರುಗಳು. ಎರಡೂಕಾಲು ಗಂಟೆಗೆ ದೀಪದ ಬೆಳಕಿನಲ್ಲಿ ದೊಡ್ಡ ದೊಡ್ಡ ಹಿಮದ ಪಕಳೆಗಳು ಇಳಿಯತೊಡಗಿದವು. ನಿಜಕ್ಕೂ ಕಣ್ಣು ತುಂಬಿ ಬಂತು.

ಬೆಳಗ್ಗೆ ಹುಲ್ಲಿನ ಮೇಲೆ ಅಳೆದಾಗ 7 ಸೆಂ.ಮೀ. ಆದರೆ ರಸ್ತೆಯ ವಿಷಯದಲ್ಲಿ ನಾನು ತಪ್ಪಿದ್ದೆ. ಅಲ್ಲೂ 2 ಸೆಂ.ಮೀ. ಕೂತಿತ್ತು. ನೆಲ ಬೆಚ್ಚಗಿದ್ದದ್ದು ನಿಜ, ಆದರೆ ಮೂರು ಗಂಟೆಯ ಹೊತ್ತಿಗೆ ಕರಗುವುದಕ್ಕಿಂತ ವೇಗವಾಗಿ ಹಿಮ ಬಿದ್ದಿತ್ತು. ನನ್ನ ಮಾತು ನಂಬಿ ನಸುಕಿನಲ್ಲೇ ಹೊರಟವರಿಗೆ ತೊಂದರೆಯಾಯಿತು. ಅದು ಇವತ್ತಿಗೂ ಕಾಡುತ್ತದೆ. ಈಗ ರಾತ್ರಿ ಹೊತ್ತು ಗಂಟೆಗೆ 2 ಮಿ.ಮೀ. ನೀರಿಗಿಂತ ಜಾಸ್ತಿ ಕಂಡರೆ, ನೆಲ ಎಷ್ಟೇ ಬೆಚ್ಚಗಿರಲಿ, ರಸ್ತೆ ಬಿಳಿಯಾಗಬಹುದು ಎಂದೇ ಬರೆಯುತ್ತೇನೆ.